ಹಲ್ಲಿನ ಕಲೆ ಯಾರ ತಪ್ಪು?

(ಮಾರಂಡಹಳ್ಳಿಯಲ್ಲಿ ಕೆಲಸಗಾರ ಕುಟುಂಬಗಳ ಸಂಜೆ ಕೂಟದಲ್ಲಿ ಆಡಿದ ಮಾತುಗಳು. ಪಾಳಿಯ ಕೆಲಸದಿಂದಾಗಿ ಬರಲಾಗದವರ ಸಲುವಾಗಿ ಬರೆದು ಕೊಟ್ಟಿದೆ.)



ಈ ಹೊತ್ತು ಕೂಲಿ, ಬೋನಸ್ಸು, ಪಿ.ಎಫ್. ಇವುಗಳ ಮಾತು ಬರುತ್ತದೆಂದು ಕಾದವರು ಸ್ವಲ್ಪ ಕ್ಷಮಿಸಬೇಕು. ಈ ಹೊತ್ತು ಹಲ್ಲಿನ ಮಾತು. ಸಂಘದ ಕೂಟದಲ್ಲಿ ಹಲ್ಲಿಗೇನು ಕೆಲಸ ಎಂದು ಕೇಳುವವರಿಗೆ ಮೊದಲು ಒಂದು ಸಂಗತಿ ಹೇಳುತ್ತೇನೆ.

ನಮ್ಮ ಕಡೆಯ ಒಬ್ಬ ಹುಡುಗಿ ಹೊಸೂರಿನ ಕಡೆ ಒಂದು ಕಂಪನಿಯಲ್ಲಿ ಆಳು ಆರಿಸುತ್ತಾರೆಂದು ಹೋಗಿದ್ದಳು. ಪ್ಲಸ್ ಟೂ ಪಾಸಾದ ಹುಡುಗಿ. ಸಾಲಿನಲ್ಲಿ ನಿಂತಿದ್ದಾಗ ಆರಿಸುವವರು ಎಲ್ಲರ ಮುಂದೆ, "ಹಲ್ಲು ಉಜ್ಜುವ ಅಭ್ಯಾಸ ಇಲ್ಲವೇ? ಹೊಗೆಸೊಪ್ಪು ಹಾಕುತ್ತೀಯಾ?" ಎಂದು ಕೇಳಿದರಂತೆ. ಸಾಲಿನಲ್ಲಿದ್ದವರು ನಕ್ಕರಂತೆ. ಆ ಮಗು ಹೊಗೆಸೊಪ್ಪನ್ನು ಕೈಯಲ್ಲಿ ಮುಟ್ಟಿದವಳಲ್ಲ. ದಿನಕ್ಕೆ ಎರಡು ಹೊತ್ತು ಹಲ್ಲು ಉಜ್ಜುವವಳು. ಅಂದಿನಿಂದ ಮಾತಾಡುವಾಗ ಬಾಯಿಗೆ ದುಪ್ಪಟ ಅಡ್ಡ ಹಿಡಿಯುತ್ತಾಳೆ. ಮತ್ತೆ ಕೆಲಸ ಕೇಳಲು ಹೋಗುವುದಕ್ಕೂ ಹಿಂಜರಿಯುತ್ತಾಳೆ.

ಇದು ಕೂಲಿಯ ಪ್ರಶ್ನೆ ಅಲ್ಲವೇ? ಮರ್ಯಾದೆಯ ಪ್ರಶ್ನೆ ಅಲ್ಲವೇ?

ನನ್ನ ಹಲ್ಲನ್ನೂ ನೀವು ನೋಡಿದ್ದೀರಿ. ಮುಂದಿನ ನಾಲ್ಕು ಹಲ್ಲಿಗೆ ಅಡ್ಡಲಾಗಿ ಕಂದು ಪಟ್ಟಿ ಇದೆ. ಎಂಟನೇ ತರಗತಿಯಲ್ಲಿದ್ದಾಗ ಒಬ್ಬ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, "ಬೀಡಿ ಸೇದುತ್ತೀಯೇನೋ?" ಎಂದು ಕೇಳಿದರು. ಇಲ್ಲ ಎಂದದ್ದಕ್ಕೆ ಸುಳ್ಳು ಹೇಳುತ್ತೀಯಾ ಎಂದು ಎರಡು ಏಟು ಹೆಚ್ಚಾಗಿ ಬಿತ್ತು. ಮನೆಗೆ ಬಂದವನು ಇಟ್ಟಿಗೆ ಪುಡಿ ಮಾಡಿ ಬೆರಳಿನಲ್ಲಿ ತಿಕ್ಕಿದೆ. ವಸಡಿನಿಂದ ರಕ್ತ ಬಂತು. ಕಲೆ ಮಾತ್ರ ಹೋಗಲಿಲ್ಲ. ಹೋಗುವ ಕಲೆ ಅದಲ್ಲ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ನಿಮ್ಮ ಮಕ್ಕಳಿಗೆ ಅಷ್ಟು ಕಾಲ ಬೇಡ ಎಂದೇ ಈ ಮಾತು. ನಾನು ಡಾಕ್ಟರನಲ್ಲ. ಡಾಕ್ಟರರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಹೊರಗಿನಿಂದ ಹತ್ತುವ ಕಲೆ

ಹಲ್ಲಿನ ಮೇಲೆ ಒಂದು ಗಟ್ಟಿ ಹೊದಿಕೆ ಇದೆ. ಅದಕ್ಕೆ ಎನಾಮೆಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ, ಮೂಳೆಯೂ ಅಲ್ಲ. ಅದರ ಕೆಳಗೆ ಡೆಂಟಿನ್ ಎಂಬ ಹಳದಿ ಭಾಗ, ಅದರ ನಡುವೆ ನರ ಮತ್ತು ರಕ್ತ. ಎನಾಮೆಲ್ ಹಾಲಿನ ಹಾಗೆ ಪೂರ್ತಿ ಬಿಳಿಯಲ್ಲ. ಬೆಳಕು ಹಾಯುವ ಗಾಜಿನ ಹಾಗೆ. ಆದುದರಿಂದ ಕೆಳಗಿನ ಹಳದಿ ಸ್ವಲ್ಪ ಕಾಣುವುದು ಎಲ್ಲರಿಗೂ ಸಹಜ. ಸಿನಿಮಾದವರ ಹಲ್ಲಿನ ಬಿಳುಪನ್ನು ಆರೋಗ್ಯದ ಅಳತೆ ಎಂದು ತಿಳಿಯಬೇಡಿರಿ.

ಕಲೆಯಲ್ಲಿ ಎರಡು ಜಾತಿ. ಒಂದು ಹೊರಗಿನಿಂದ ಹತ್ತಿದ್ದು, ಇನ್ನೊಂದು ಒಳಗೇ ಹುಟ್ಟಿದ್ದು. ಇವೆರಡನ್ನು ಬೇರೆ ಮಾಡಿ ನೋಡಲು ಕಲಿತರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಟೀ, ಕಾಫಿ, ಬೀಡಿ, ಸಿಗರೇಟು, ಎಲೆಯಡಿಕೆ, ಹೊಗೆಸೊಪ್ಪು, ಇವೆಲ್ಲ ಹೊರಗಿನಿಂದ ಬಣ್ಣ ಕೊಡುವವು. ಹಲ್ಲಿನ ಬುಡದಲ್ಲಿ ಗಾರೆ ಕಟ್ಟಿದ್ದರೆ ಅದರ ಮೇಲೆ ಬಣ್ಣ ಇನ್ನೂ ಬೇಗ ಕೂರುತ್ತದೆ. ಕಬ್ಬಿಣ ಸತ್ವದ ಟಾನಿಕ್ಕು ಕುಡಿಯುವ ಮಕ್ಕಳ ಹಲ್ಲು ಕಪ್ಪಾಗುವುದುಂಟು. ಹೆದರಿ ಟಾನಿಕ್ಕು ನಿಲ್ಲಿಸಬೇಡಿರಿ. ರಕ್ತಹೀನತೆ ಹಲ್ಲಿನ ಕಪ್ಪಿಗಿಂತ ದೊಡ್ಡ ಕಷ್ಟ. ಕುಡಿಸಿದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು. ಬಾಯಿ ಮುಕ್ಕಳಿಸುವ ಕೆಲವು ಔಷಧಿಗಳನ್ನು, ಮುಖ್ಯವಾಗಿ ಕ್ಲೋರ್‌ಹೆಕ್ಸಿಡಿನ್ ಇರುವುದನ್ನು, ವಾರಗಟ್ಟಲೆ ಬಳಸಿದರೂ ಕಂದು ಬಣ್ಣ ಬರುತ್ತದೆ.

ಈ ಜಾತಿಯ ಕಲೆಯನ್ನು ಹಲ್ಲಿನ ಡಾಕ್ಟರರು ಒಮ್ಮೆ ಶುದ್ಧಿ ಮಾಡಿದರೆ ಬಹುಪಾಲು ಹೋಗುತ್ತದೆ. ಹಲ್ಲು ಶುದ್ಧಿ ಮಾಡಿಸಿದರೆ ಹಲ್ಲು ಅಲುಗಾಡುತ್ತದೆ ಎಂಬುದು ಸುಳ್ಳು. ಗಾರೆಯೇ ವಸಡನ್ನು ತಿಂದು ಹಲ್ಲನ್ನು ಸಡಿಲ ಮಾಡಿರುತ್ತದೆ. ಗಾರೆ ತೆಗೆದಾಗ ಅದು ನಮಗೆ ತಿಳಿದುಬರುತ್ತದೆ, ಅಷ್ಟೇ.

ಹೊಗೆಸೊಪ್ಪು ಹಾಕುವ ಅಣ್ಣಂದಿರಿಗೆ, ಅಜ್ಜಿಯರಿಗೆ ಒಂದು ಮಾತು. ಹಲ್ಲಿನ ಬಣ್ಣ ಹೋದರೆ ಹೋಗಲಿ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿಯ ಇಲ್ಲವೇ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಅದು ಕ್ಯಾನ್ಸರಿನ ಮೊದಲ ಗುರುತಾಗಿರಬಹುದು.

ಇಟ್ಟಿಗೆ ಪುಡಿ, ಬೂದಿ, ಇದ್ದಲು, ಹರಳುಪ್ಪು, ಮರಳು ಇವುಗಳಿಂದ ತಿಕ್ಕುವುದನ್ನು ಬಿಟ್ಟುಬಿಡಿರಿ. ತಿಕ್ಕಿದ ದಿನ ಹೊಳಪು ಬಂದ ಹಾಗೆ ಕಾಣುತ್ತದೆ. ಆದರೆ ತಿಕ್ಕಿದಷ್ಟೂ ಎನಾಮೆಲ್ ಸವೆಯುತ್ತದೆ. ಸವೆದಷ್ಟೂ ಕೆಳಗಿನ ಹಳದಿ ಹೆಚ್ಚು ಕಾಣುತ್ತದೆ. ಬಿಳಿ ಮಾಡಲು ಹೋಗಿ ಹಳದಿ ಮಾಡಿಕೊಂಡ ಹಾಗಾಯಿತು. ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ.

ಒಳಗೇ ಹುಟ್ಟುವ ಕಲೆ

ವಯಸ್ಸಾದಂತೆ ಹಲ್ಲು ಹಳದಿಯಾಗುತ್ತದೆ. ಇದು ರೋಗವಲ್ಲ. ಬಿದ್ದು ಪೆಟ್ಟಾದ ಹಲ್ಲು ಕೆಲವು ತಿಂಗಳಾದ ಮೇಲೆ ಬೂದಿ ಬಣ್ಣಕ್ಕೆ ತಿರುಗಿದರೆ, ಅದರ ಒಳಗಿನ ನರ ಸತ್ತಿರಬಹುದು, ನೋವಿಲ್ಲದಿದ್ದರೂ ತೋರಿಸಬೇಕು. ಹುಳುಕು ಹಲ್ಲು ಮೊದಲು ಸುಣ್ಣದ ಚುಕ್ಕೆಯಂತೆ ಕಂಡು, ಬಳಿಕ ಕಂದಾಗಿ, ಕಪ್ಪಾಗಿ, ಕೊನೆಗೆ ಗುಳಿ ಬೀಳುತ್ತದೆ.

ಟೆಟ್ರಾಸೈಕ್ಲಿನ್ ಎಂಬ ಮಾತ್ರೆ ಇದೆ. ಬಸುರಿ ಹೆಂಗಸರು ನಾಲ್ಕನೇ ತಿಂಗಳ ನಂತರ ನುಂಗಿದರೆ, ಇಲ್ಲವೇ ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಟ್ಟರೆ, ಬೆಳೆಯುತ್ತಿರುವ ಹಲ್ಲಿನೊಳಗೇ ಆ ಔಷಧಿ ಸೇರಿಕೊಳ್ಳುತ್ತದೆ. ಹಲ್ಲು ಹುಟ್ಟುವಾಗ ಹಳದಿಯಾಗಿದ್ದು ಬೆಳಕಿಗೆ ಕಂದು, ಬೂದು ಆಗುತ್ತದೆ. ಆದುದರಿಂದ ಮೆಡಿಕಲ್ ಶಾಪಿನಲ್ಲಿ ಜ್ವರಕ್ಕೆ ಯಾವುದಾದರೂ ಮಾತ್ರೆ ಕೊಡಿ ಎಂದು ಕೇಳಿ ಮಕ್ಕಳಿಗೆ ನುಂಗಿಸುವುದು ಬೇಡ.

ಇವೆಲ್ಲ ಎಲ್ಲ ಊರಿನಲ್ಲೂ ಇವೆ. ಆದರೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಹುಟ್ಟಿದ ನಮಗೆ ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಅದು ನಮ್ಮ ಬೋರಿನ ನೀರು.

ಬಂಡೆಯಿಂದ ಬಂದ ಕಲೆ

ನಮ್ಮ ಕಾಲ ಕೆಳಗಿರುವುದು ಗಟ್ಟಿ ಕಲ್ಲು. ಈ ಕಲ್ಲಿನಲ್ಲಿ ಫ್ಲೋರೈಡ್ ಎಂಬ ಲವಣ ಸೇರಿಕೊಂಡಿದೆ. ಮಳೆ ನೀರು ಬಂಡೆಯ ಬಿರುಕಿನಲ್ಲಿ ಇಳಿದು ಬಹಳ ಕಾಲ ಕುಳಿತರೆ ಫ್ಲೋರೈಡ್ ಕರಗಿ ನೀರಿಗೆ ಬರುತ್ತದೆ. ಅಜ್ಜಂದಿರ ಕಾಲದ ತೆರೆದ ಬಾವಿಯಲ್ಲಿ ಮೇಲಿನ ಮಳೆ ನೀರು ಕೂಡುತ್ತಿತ್ತು. ಬಾವಿ ಬತ್ತಿ, ನಾವು ಬೋರು ಕೊರೆದು ಆಳಕ್ಕೆ ಹೋದ ಹಾಗೆಲ್ಲ ಬಂಡೆಯ ಜೊತೆ ಬಹುಕಾಲ ಕುಳಿತ ನೀರನ್ನೇ ಮೇಲೆತ್ತಿ ಕುಡಿದೆವು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಒಂದೇ ಬೀದಿಯ ಎರಡು ಬೋರುಗಳಲ್ಲಿ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಆಗಿರಬಹುದು. ಪರೀಕ್ಷೆ ಮಾಡದೆ ತಿಳಿಯದು.

ಸ್ವಲ್ಪ ಫ್ಲೋರೈಡ್ ಹಲ್ಲಿಗೆ ಒಳ್ಳೆಯದೇ, ಹುಳುಕು ತಡೆಯುತ್ತದೆ. ಹೆಚ್ಚಾದರೆ ಕೇಡು. ನಮ್ಮ ದೇಶದ ನಿಯಮದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದೇ ಹೋದರೆ 1.5 ಮಿಲಿಗ್ರಾಂ ತನಕ ಒಪ್ಪಬಹುದು. 1 ಮಿಲಿಗ್ರಾಂ ಎಂದರೆ ಒಂದು ಗ್ರಾಂ ಪುಡಿಯನ್ನು ಸಾವಿರ ಲೀಟರ್ ನೀರಿನಲ್ಲಿ ಕದಡಿದಷ್ಟು. ಅಷ್ಟು ಸಣ್ಣ ಲೆಕ್ಕ ಇದು.

ಈಗ ಮುಖ್ಯ ಸಂಗತಿ ಕೇಳಿರಿ. ಈ ಕಲೆ ಹಲ್ಲು ಹುಟ್ಟಿದ ಮೇಲೆ ಹತ್ತಿದ್ದಲ್ಲ. ಹಲ್ಲು ವಸಡಿನೊಳಗೆ ಬೆಳೆಯುತ್ತಿರುವಾಗಲೇ ಆದದ್ದು. ಮಗು ಎಂಟು ವರ್ಷದೊಳಗೆ ಕುಡಿದ ನೀರು ಅದರ ಹಲ್ಲಿನ ಬಣ್ಣವನ್ನು ನಿಶ್ಚಯಿಸುತ್ತದೆ. ಮುಂದಿನ ಹಲ್ಲುಗಳಿಗೆ ಮೊದಲ ಮೂರು ನಾಲ್ಕು ವರ್ಷವೇ ಮುಖ್ಯ. ಎನಾಮೆಲ್ ಕಟ್ಟಿ ಮುಗಿದ ಮೇಲೆ ಹೊರ ಊರಿನಿಂದ ಬಂದು ಇದೇ ನೀರು ಕುಡಿದವರಿಗೆ ಹಲ್ಲಿನಲ್ಲಿ ಈ ಕಲೆ ಬರುವುದಿಲ್ಲ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಬಿಳಿ, ಅವಳ ಮಕ್ಕಳ ಹಲ್ಲು ಕಂದು. ಇದಕ್ಕೆ ಕಾರಣ ಇದೇ. ವಂಶವೂ ಅಲ್ಲ, ಶಾಪವೂ ಅಲ್ಲ.

ಗುರುತು ಹೀಗೆ: ಎಡಗಡೆಯ ಹಲ್ಲಿನಲ್ಲಿ ಇದ್ದದ್ದು ಬಲಗಡೆಯ ಜೋಡಿ ಹಲ್ಲಿನಲ್ಲೂ ಇರುತ್ತದೆ. ಮೊದಲು ಸುಣ್ಣದ ಗೆರೆ, ಮೋಡದಂಥ ಮಚ್ಚೆ. ಹೆಚ್ಚಾದರೆ ಹಳದಿ, ಕಂದು ಪಟ್ಟಿ, ಅದೂ ಅಡ್ಡಡ್ಡಲಾಗಿ. ಇನ್ನೂ ಹೆಚ್ಚಾದರೆ ಸಣ್ಣ ಸಣ್ಣ ಗುಳಿ ಬಿದ್ದು ಅಂಚು ಉದುರುತ್ತದೆ. ಇದಕ್ಕೆ ಫ್ಲೋರೋಸಿಸ್ ಎಂದು ಹೆಸರು. ಉಜ್ಜಿದರೆ ಹೋಗುವುದಿಲ್ಲ, ಏಕೆಂದರೆ ಅದು ಕೊಳೆಯಲ್ಲ.

ತಾಯಂದಿರು ಕಂಡುಹಿಡಿದದ್ದು

ಈ ಕಲೆಯ ಕಾರಣ ಲೋಕಕ್ಕೆ ತಿಳಿದದ್ದು ಹೇಗೆ ಎಂಬ ಕಥೆ ನಮಗೆ ಬೇಕಾದದ್ದು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹಲ್ಲಿನ ಡಾಕ್ಟರರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಅಲ್ಲಿಯೇ ಹುಟ್ಟಿ ಬೆಳೆದ ಬಹಳ ಜನರ ಹಲ್ಲು ಕಂದು. ಯಾರಿಗೂ ಕಾರಣ ಗೊತ್ತಿರಲಿಲ್ಲ. ಬಹಳ ವರ್ಷ ಅವರು ಅದನ್ನೇ ಹುಡುಕಿದರು. 1923ರಲ್ಲಿ ಇಡಾಹೊ ರಾಜ್ಯದ ಓಕ್ಲಿ ಎಂಬ ಊರಿನ ತಂದೆತಾಯಿಗಳು ತಮ್ಮ ಮಕ್ಕಳ ಹಲ್ಲಿನ ಕಲೆ ತೋರಿಸಿ, ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಪೈಪು ಹಾಕಿದ ಮೇಲೆ ಇದು ಶುರುವಾಯಿತು ಎಂದರು. ಆ ನೀರನ್ನು ಬಿಟ್ಟು ಬೇರೆ ಬುಗ್ಗೆಯ ನೀರು ತೆಗೆದುಕೊಳ್ಳಿರಿ ಎಂದು ಮೆಕೇ ಹೇಳಿದರು. ಊರಿನವರು ಹಾಗೆಯೇ ಮಾಡಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲು ಕಲೆಯಿಲ್ಲದೆ ಬಂತು. ಆಗಿನ್ನೂ ನೀರಿನಲ್ಲಿ ಇರುವುದು ಏನೆಂದು ತಿಳಿದಿರಲಿಲ್ಲ! ಅದು ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ತೋರಿಸಿಕೊಟ್ಟದ್ದು 1931ರಲ್ಲಿ.

ನಮ್ಮ ದೇಶದಲ್ಲಿ 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಕಡೆ ಶಾರ್ಟ್ ಮತ್ತು ಅವರ ಜೊತೆಗಾರರು ಹಲ್ಲಿನ ಜೊತೆ ಮೂಳೆಯೂ ಬಗ್ಗದಂತಾದ ಜನರನ್ನು ಕಂಡು ಬರೆದರು. ಹೌದು, ಈ ನೀರು ವರ್ಷಗಟ್ಟಲೆ ಒಳಗೆ ಹೋದರೆ ಮೂಳೆಗೂ ಹೋಗುತ್ತದೆ. ಬೆನ್ನು, ಕುತ್ತಿಗೆ ಬಗ್ಗುವುದಿಲ್ಲ, ಕೀಲು ಹಿಡಿಯುತ್ತದೆ. ಹೊರೆ ಹೊತ್ತು, ಗುದ್ದಲಿ ಹಿಡಿದು ದುಡಿಯುವವನಿಗೆ ಬೆನ್ನು ಹೋದರೆ ಉಳಿಯುವುದೇನು? ಕರ್ನಾಟಕದ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೂ ಇದೇ ಕಷ್ಟ. ಹಲ್ಲಿಗೆ ರಾಜ್ಯದ ಗಡಿ ಗೊತ್ತಿಲ್ಲ.

ಹೊಳೆಯ ನೀರು ಬಂದ ಮೇಲೆ

ನಮ್ಮ ಎರಡು ಜಿಲ್ಲೆಗಳಿಗೆ ಕಾವೇರಿ ನೀರು ಕೊಡುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆಗೆ 2008ರಲ್ಲಿ ಅಸ್ತಿವಾರ ಹಾಕಿದರು. ಜಪಾನಿನ ಸಾಲದ ನೆರವಿನಿಂದ, ಸುಮಾರು 1,928 ಕೋಟಿ ರೂಪಾಯಿ ಖರ್ಚಿನಲ್ಲಿ ಕಟ್ಟಿ 2013ರ ಮೇ ತಿಂಗಳಲ್ಲಿ ಉದ್ಘಾಟಿಸಿದರು. ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ತಡೆ ಎಂಬ ಮಾತು ಇದೆ. 2008ರಲ್ಲಿ ಇದೇ ನೀರಿಗಾಗಿ ಎರಡು ರಾಜ್ಯಗಳ ನಡುವೆ ಕೂಗಾಟವಾದದ್ದು ನಿಮಗೆ ನೆನಪಿರಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಾವು ಆಗ ಯಾವ ಕಡೆ ನಿಲ್ಲುವುದೆಂದು ತಿಳಿಯದೆ ತಲೆ ತಗ್ಗಿಸಿಕೊಂಡು ಬಸ್ಸು ಹತ್ತುತ್ತಿದ್ದೆವು. ಮಗುವಿನ ಲೋಟದಲ್ಲಿರುವ ನೀರಿಗೆ ಭಾಷೆ ಇಲ್ಲ ಎಂಬುದು ಮಾತ್ರ ನನಗೆ ಆಗಲೂ ತಿಳಿದಿತ್ತು.

ಯೋಜನೆ ಬಂತು, ಇನ್ನೇನು ಎಂದು ಕುಳಿತುಕೊಳ್ಳಬೇಡಿರಿ. ಹೊಳೆಯ ನೀರು ಸಾಲದೆ ಹೋದ ದಿನ ಅದೇ ಟ್ಯಾಂಕಿಗೆ ಬೋರಿನ ನೀರು ಸೇರಿಸಿ ಬಿಟ್ಟರೆ ನಲ್ಲಿಯಲ್ಲಿ ಬರುವ ನೀರು ಒಂದೇ ಬಣ್ಣದಲ್ಲಿ ಕಾಣುತ್ತದೆ. ಓಕ್ಲಿಯ ತಂದೆತಾಯಿಗಳು ಮಾಡಿದ ಹಾಗೆ ನಾವೂ ಮಕ್ಕಳ ಬಾಯಿ ನೋಡಬೇಕು. ಹುಟ್ಟಿದಂದಿನಿಂದ ಹೊಳೆಯ ನೀರನ್ನೇ ಕುಡಿದ ಮಗುವಿಗೆ ಆರು, ಏಳು ವರ್ಷಕ್ಕೆ ಬರುವ ಮುಂದಿನ ಹಲ್ಲು ನಿರ್ಮಲವಾಗಿ ಬರಬೇಕು. ಹಾಗೆ ಬಂದರೆ ನೀರು ನಿಜವಾಗಿಯೂ ಬಂದಿದೆ. ಜೋಡಿ ಹಲ್ಲುಗಳಲ್ಲಿ ಮತ್ತೆ ಕಂದು ಪಟ್ಟಿ ಬಂದರೆ, ಕಡತದಲ್ಲಿ ಏನೇ ಬರೆದಿರಲಿ, ಆ ಬೀದಿಯ ನೀರನ್ನು ಕೇಳಲೇಬೇಕು.

ನಾವು ಮಾಡಬೇಕಾದದ್ದು

ಮೊದಲನೆಯದು, ಕೇಳುವುದು. ನಿಮ್ಮ ಬೀದಿಯ ಟ್ಯಾಂಕಿನ, ಬೋರಿನ ಫ್ಲೋರೈಡ್ ಲೆಕ್ಕ ಎಷ್ಟು ಎಂದು ಪಂಚಾಯತಿಯಲ್ಲಿ ಬರವಣಿಗೆಯಲ್ಲಿ ಕೇಳಿರಿ. "ನೀರು ಚೆನ್ನಾಗಿದೆ" ಎಂಬ ಮಾತು ಸಾಲದು, ಅಂಕಿ ಬೇಕು. ಒಬ್ಬರು ಹೋದರೆ ನಾಳೆ ಬಾ ಎನ್ನುತ್ತಾರೆ, ಹತ್ತು ಜನ ಸಹಿ ಹಾಕಿ ಹೋದರೆ ಕೂರಿಸಿ ಮಾತಾಡುತ್ತಾರೆ. ಇದು ಸಂಘದಲ್ಲಿ ನಾವೆಲ್ಲ ಕಲಿತ ಪಾಠ.

ಎರಡನೆಯದು, ಒಳ್ಳೆಯ ನೀರು ಕಡಿಮೆ ಇದ್ದರೆ ಅದನ್ನು ಕುಡಿಯಲು ಮತ್ತು ಅಡಿಗೆಗೆ ಮೀಸಲಿಡುವುದು. ಸ್ನಾನಕ್ಕೆ, ಬಟ್ಟೆಗೆ, ದನಕ್ಕೆ ತೊಳೆಯಲು ಬೋರಿನ ನೀರಾದರೆ ಚಿಂತೆಯಿಲ್ಲ. ಮನೆಯಲ್ಲಿ ಮೊದಲ ಪಾಲು ಬಸುರಿ ಹೆಂಗಸಿಗೆ ಮತ್ತು ಎಂಟು ವರ್ಷದೊಳಗಿನ ಮಕ್ಕಳಿಗೆ. ದುಡಿದು ಬಂದ ಗಂಡಸಿಗೆ ಮೊದಲು ಎಂಬ ರೂಢಿ ಇಲ್ಲಿ ಬೇಡ.

ಮೂರನೆಯದು, ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ನಂಬಬೇಡಿರಿ. ಕಾಯಿಸಿದರೆ ರೋಗಾಣು ಸಾಯುತ್ತವೆ. ಆದರೆ ನೀರು ಆವಿಯಾಗಿ ಫ್ಲೋರೈಡ್ ಹಾಗೆಯೇ ಉಳಿಯುತ್ತದೆ; ಬಹಳ ಹೊತ್ತು ಕುದಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಆರ್.ಓ. ಯಂತ್ರ ಸರಿಯಾಗಿದ್ದರೆ ತೆಗೆಯುತ್ತದೆ. ಅದು ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಅಡಿಗೆಗೆ ಬಳಸಬೇಡಿರಿ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ಪದ್ಧತಿಯನ್ನು ನಾಗಪುರದ ನೀರಿ ಸಂಸ್ಥೆಯವರು 1970ರ ದಶಕದಲ್ಲಿ ರೂಪಿಸಿದರು. ಆದರೆ ಅದಕ್ಕೆ ನೀರಿನ ಪರೀಕ್ಷೆ, ಸರಿಯಾದ ಅಳತೆ ಬೇಕು. ಕಣ್ಣಳತೆಯಲ್ಲಿ ಮನೆಯಲ್ಲಿ ಮಾಡುವ ಕೆಲಸವಲ್ಲ. ಶುದ್ಧವಾದ ಮಾಳಿಗೆಯಿಂದ ಹಿಡಿದ ಮಳೆ ನೀರಿನಲ್ಲಿ ಈ ದೋಷ ಇಲ್ಲ.

ನಾಲ್ಕನೆಯದು, ಊಟ. ಸುಣ್ಣದ ಸತ್ವ ಚೆನ್ನಾಗಿ ಸಿಕ್ಕಿದ ದೇಹದಲ್ಲಿ ಫ್ಲೋರೈಡಿನ ಕೇಡು ಕಡಿಮೆ. ನಮ್ಮ ರಾಗಿ ಮುದ್ದೆ, ಹಾಲು, ಮಜ್ಜಿಗೆ, ನುಗ್ಗೆ ಸೊಪ್ಪು, ನೆಲ್ಲಿಕಾಯಿ ಇವನ್ನು ಬಿಡಬೇಡಿರಿ. ರೇಷನ್ ಅಕ್ಕಿ ಬಂದ ಮೇಲೆ ರಾಗಿಯನ್ನು ಬಡವರ ಊಟ ಎಂದು ತಳ್ಳಿದ್ದು ನಮ್ಮದೇ ತಪ್ಪು. ಟೀ ಸೊಪ್ಪಿನಲ್ಲಿಯೂ ಫ್ಲೋರೈಡ್ ಇದೆ. ಸಣ್ಣ ಮಕ್ಕಳಿಗೆ ಟೀ ಕೊಡಬೇಡಿರಿ. ಮೂರು ವರ್ಷದೊಳಗಿನ ಮಗುವಿಗೆ ಪೇಸ್ಟು ಅಕ್ಕಿ ಕಾಳಿನಷ್ಟು, ಆರು ವರ್ಷದ ತನಕ ಬಟಾಣಿ ಕಾಳಿನಷ್ಟು ಸಾಕು. ನುಂಗದಂತೆ ಹತ್ತಿರ ನಿಂತು ನೋಡಿಕೊಳ್ಳಿರಿ.

ಐದನೆಯದು, ಇಟ್ಟಿಗೆ ಗೂಡಿಗೆ, ಕಲ್ಲು ಗಣಿಗೆ ಸಂಸಾರ ಕಟ್ಟಿಕೊಂಡು ಹೋಗುವವರ ಮಾತು. ಅಲ್ಲಿ ಮಾಲೀಕರು ತೋರಿಸುವ ಬೋರನ್ನೇ ಮಕ್ಕಳೂ ಕುಡಿಯುತ್ತಾರೆ. ದುಡಿಯುವ ಕಡೆ ಒಳ್ಳೆಯ ಕುಡಿಯುವ ನೀರು ಕೊಡುವುದು ಮಾಲೀಕರ ಹೊಣೆ ಎಂಬುದು 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಬಂದ ಮಾತು. ಮುಂಗಡ ಮಾತಾಡುವಾಗಲೇ ನೀರಿನ ಮಾತನ್ನೂ ಆಡಿಕೊಳ್ಳಿರಿ.

ಈಗಾಗಲೇ ಕಲೆ ಇರುವ ನಮ್ಮಂಥವರಿಗೆ ಏನು? ಬರೀ ಶುದ್ಧಿ ಮಾಡಿಸಿದರೆ ಈ ಕಲೆ ಹೋಗುವುದಿಲ್ಲ. ಕಡಿಮೆ ಇದ್ದರೆ ಮೇಲಿನ ತೆಳು ಪದರ ತೆಗೆದು ಬಣ್ಣ ತಗ್ಗಿಸುವ ವಿಧಾನ ಇದೆ. ಹೆಚ್ಚಾಗಿದ್ದರೆ ಹಲ್ಲಿನ ಬಣ್ಣದ ಹೊದಿಕೆ, ಕ್ಯಾಪು ಹಾಕುತ್ತಾರೆ. ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರರನ್ನು ಮೊದಲು ಕೇಳಿರಿ. ಸಂತೆಯಲ್ಲಿ ಪುಡಿ, ದ್ರಾವಕ ಮಾರುವವರ ಹತ್ತಿರ ಹೋಗಬೇಡಿರಿ. ಏನೂ ಮಾಡಿಸದೆ ಇದ್ದರೂ ಕೇಡಿಲ್ಲ. ಅಂಚು ಉದುರದ ಕಲೆಯ ಹಲ್ಲು ಅಗಿಯುವುದಕ್ಕೆ ಗಟ್ಟಿಯಾದದ್ದೇ.

ಕೊನೆಯ ಮಾತು

ಹುಟ್ಟು ಕುರುಡನನ್ನು ಕಂಡ ಶಿಷ್ಯರಿಗೆ ಮೊದಲು ಹೊಳೆದದ್ದು ತಪ್ಪು ಯಾರದು ಎಂಬ ವಿಚಾರ. ಸ್ವಾಮಿ ಆ ವಿಚಾರವನ್ನು ಅತ್ತ ಸರಿಸಿ ಆ ಮನುಷ್ಯನಿಗೆ ಬೇಕಾದ ಕೆಲಸ ಮಾಡಿದರು. ನಾವೂ ಮಕ್ಕಳ ಹಲ್ಲು ಕಂಡು ಬೈಯುವುದನ್ನು, ನಗುವುದನ್ನು ಬಿಟ್ಟು ಅವರ ಲೋಟದ ನೀರನ್ನು ನೋಡೋಣ. ಹೆಣ್ಣು ನೋಡಲು ಹೋದಾಗ ಹಲ್ಲಿನ ಕಲೆಗೆ ಬೇಡ ಎನ್ನುವವರು ನಮ್ಮಲ್ಲೇ ಇದ್ದಾರೆ. ನಿಮ್ಮ ಹಲ್ಲನ್ನು ಒಮ್ಮೆ ಕನ್ನಡಿಯಲ್ಲಿ ನೋಡಿಕೊಂಡು ಆ ಮಾತು ಆಡಿರಿ.

ಆ ಹುಡುಗಿಗೆ ನಾನು ಇಷ್ಟೇ ಹೇಳಿದೆ: "ತಾಯಿ, ಇದು ನಿನ್ನ ಕೊಳೆಯಲ್ಲ. ನೀನು ಮೂರು ವರ್ಷದವಳಾಗಿದ್ದಾಗ ನಾವು ದೊಡ್ಡವರು ನಿನಗೆ ಕೊಟ್ಟ ನೀರು. ನಾಚಬೇಕಾದವರು ನಾವು." ಅವಳು ಮುಂದಿನ ವಾರ ಇನ್ನೊಂದು ಕಡೆ ಕೆಲಸ ಕೇಳಲು ಹೋಗುವವಳಿದ್ದಾಳೆ. ನಮ್ಮಲ್ಲಿ ಇಬ್ಬರು ಜೊತೆಗೆ ಹೋಗುತ್ತೇವೆ.

ಮುಂದಿನ ಕೂಟಕ್ಕೆ ಬರುವಾಗ ಪ್ರತಿ ಬೀದಿಯವರೂ ತಮ್ಮ ನೀರಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬರಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.